ಗಡಿಯಾರ ಹಿಂದಕ್ಕೆ ತಿರುಗುವುದಾದರೆ...

ಸಹೋದರಿಯರೇ, ನಿಮ್ಮ ಮಕ್ಕಳು ಏನು ಓದುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಓದುವುದೆಲ್ಲಿ ಬಂತು? ಕೈಯಲ್ಲಿ ಮೊಬೈಲ್ ಇದ್ದರೆ ಸಾಕು." ಆದರೆ ಮೊಬೈಲ್ ಬಿಟ್ಟು ಪುಸ್ತಕ ಹಿಡಿದು ಕುಳಿತ ಮಗುವನ್ನೂ ಬಯ್ಯುವ ಮನೆಗಳಿವೆ. ಯಾವಾಗ ಗೊತ್ತೇ? ಆ ಪುಸ್ತಕದಲ್ಲಿ ಅಕ್ಷರಕ್ಕಿಂತ ಚಿತ್ರಗಳು ಹೆಚ್ಚಿದ್ದಾಗ.

ನನ್ನ ತವರು ಹುಕ್ಕೇರಿ. ಗಂಡನ ಮನೆ ಗೋಕಾಕ. ಪಾಠ ಹೇಳುವುದು ಮೂಡಲಗಿಯಲ್ಲಿ. ಮದ್ರಸದಲ್ಲಿ ಕಲಿತು ಆಮೇಲೆ ಬಿ.ಎ. ಮಾಡಿಕೊಂಡವಳಾದ್ದರಿಂದ ಎರಡೂ ಕಡೆಯ ದೂರುಗಳು ನನ್ನ ಕಿವಿಗೆ ಬೀಳುತ್ತವೆ. "ಜೇಡ ಕಚ್ಚಿದವನು ಗೋಡೆ ಹತ್ತುತ್ತಾನಂತೆ, ಸತ್ತವನು ಎದ್ದು ಬರುತ್ತಾನಂತೆ, ಹೋದ ಕಾಲಕ್ಕೆ ತಿರುಗಿ ಹೋಗುತ್ತಾನಂತೆ. ಇದನ್ನೋದಿ ಮಕ್ಕಳ ತಲೆ ಕೆಡುವುದಿಲ್ಲವೇ ಆಪಾ?" ಎಂದು ತವರಿನ ಓಣಿಯ ಖಾಲಾ ಒಬ್ಬರು ಕೇಳಿದರು. ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಹುಡುಕುತ್ತ ನನಗೆ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ರಜೆಗೆ ಬಂದಾಗ ಮಕ್ಕಳಿಗೆಂದು ಎರಡು ಕಾಮಿಕ್ಸ್ ತಂದಿದ್ದ. ಒಂದು ತೆಳ್ಳಗಿನದು, ಇನ್ನೊಂದು ತಲೆದಿಂಬಿನಷ್ಟು ದಪ್ಪ. ಎರಡೂ ಇಂಗ್ಲಿಷಿನವು. ಮನೆಯ ಮಕ್ಕಳು ಒಂದು ವಾರ ಟಿವಿ ಕಡೆ ತಿರುಗಿ ನೋಡಲಿಲ್ಲ. ನಮ್ಮ ಅತ್ತೆ, "ಅದರಲ್ಲಿ ಅಂಥದ್ದೇನಿದೆ, ಓದಿ ಹೇಳು ಬೇಟಾ" ಎಂದರು. ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟದಿಂದ ಓದಿದೆ.

ಜೇಡಮಾನವ, ಅಂದರೆ ಸ್ಪೈಡರ್‌ಮ್ಯಾನ್, ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಪಾತ್ರ. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅದನ್ನು ರೂಪಿಸಿದರು. ಆದರೆ ತೆಳ್ಳಗಿನ ಪುಸ್ತಕದ ಜೇಡಮಾನವ ಅಮೆರಿಕದವನಲ್ಲ, ನಮ್ಮವನು. 2004ರಲ್ಲಿ ಗೋಥಮ್ ಕಾಮಿಕ್ಸ್ ಎಂಬ ಸಂಸ್ಥೆ ಮಾರ್ವೆಲ್ ಕಂಪನಿಯ ಒಪ್ಪಿಗೆ ಪಡೆದು 'ಸ್ಪೈಡರ್‌ಮ್ಯಾನ್: ಇಂಡಿಯಾ' ಹೊರತಂದಿತು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಕಾಂಗ್ ಸೇರಿ ಅದನ್ನು ರೂಪಿಸಿದರು. ಚಿತ್ರ ಬಿಡಿಸಿದವರು ಬೆಂಗಳೂರಿನ ಕಲಾವಿದ ಜೀವನ್ ಕಾಂಗ್. ನಾಲ್ಕೇ ಸಂಚಿಕೆಗಳ ಈ ಕಥೆ ಮರುವರ್ಷ ಅಮೆರಿಕದಲ್ಲೂ ಪ್ರಕಟವಾಯಿತು.

ಇದರ ನಾಯಕ ಪವಿತ್ರ್ ಪ್ರಭಾಕರ್. ಹಳ್ಳಿಯ ಬಡ ಹುಡುಗ. ವಿದ್ಯಾರ್ಥಿವೇತನ ಸಿಕ್ಕಿ ಮುಂಬಯಿಯ ದೊಡ್ಡ ಶಾಲೆಗೆ ಬರುತ್ತಾನೆ. ಮಾಯಾ ಚಿಕ್ಕಮ್ಮ, ಭೀಮ್ ಚಿಕ್ಕಪ್ಪ ಅವನನ್ನು ಸಾಕುತ್ತಾರೆ. ಅವನು ಉಟ್ಟ ಧೋತಿಯನ್ನು ನೋಡಿ ಶಾಲೆಯ ಹುಡುಗರು ನಗುತ್ತಾರೆ. ಜೀವನ್ ಕಾಂಗ್ ಅವರ ಜಾಣತನ ನೋಡಿ: ಯಾವ ಉಡುಗೆಯನ್ನು ನೋಡಿ ಜನ ನಕ್ಕರೋ ಅದೇ ಉಡುಗೆಯಲ್ಲಿ ಅವನನ್ನು ವೀರನನ್ನಾಗಿ ಬಿಡಿಸಿದ್ದಾರೆ. ಮುಖಕ್ಕೆ ಜೇಡಮಾನವನ ಕೆಂಪು ಮುಸುಕು, ಸೊಂಟಕ್ಕೆ ಧೋತಿ. ನಮ್ಮ ಹೆಣ್ಣು ಮಕ್ಕಳಿಗೆ ಈ ಮಾತು ವಿವರಿಸಿ ಹೇಳಬೇಕಿಲ್ಲ. ತಲೆಯ ಮೇಲಿನ ಬಟ್ಟೆಯನ್ನು ನೋಡಿ ಜನ ಏನೇನೋ ಅಂದುಕೊಳ್ಳುವುದನ್ನು ಅವರು ದಿನವೂ ಕಾಣುತ್ತಾರೆ.

ಕಥೆಯ ಜೀವಾಳ ಬೇರೆಡೆ ಇದೆ. ಶಕ್ತಿ ಬಂದ ಹೊಸತರಲ್ಲಿ ಪವಿತ್ರ್‌ಗೆ ದಾರಿಯಲ್ಲಿ ಹೆಣ್ಣೊಬ್ಬಳ ಕೂಗು ಕೇಳುತ್ತದೆ. ಅವನು ನಿಲ್ಲದೆ ಹೋಗಿಬಿಡುತ್ತಾನೆ. ಅದೇ ಕೂಗು ಭೀಮ್ ಚಿಕ್ಕಪ್ಪನಿಗೂ ಕೇಳುತ್ತದೆ. ಅವನಿಗೆ ಯಾವ ಶಕ್ತಿಯೂ ಇಲ್ಲ, ಆದರೂ ನಿಲ್ಲುತ್ತಾನೆ. ಆ ಹೆಣ್ಣನ್ನು ಕಾಪಾಡಲು ಹೋಗಿ ಪ್ರಾಣ ಕೊಡುತ್ತಾನೆ. ಇದನ್ನು ಓದಿದಾಗ ನಮ್ಮ ಅತ್ತೆ ತಸ್ಬೀಹ್ ಪಕ್ಕಕ್ಕಿಟ್ಟು, "ಹಾಗಾದರೆ ವೀರ ಯಾರು? ಚಿಕ್ಕಪ್ಪನಲ್ಲವೇ?" ಎಂದರು. ಮಕ್ಕಳಿಗೆ ಆ ರಾತ್ರಿ ನಾನು ಹೇಳಬೇಕಾದದ್ದು ಬೇರೇನೂ ಉಳಿಯಲಿಲ್ಲ.

ಈಗ ಆ ದಪ್ಪ ಪುಸ್ತಕದ ವಿಷಯಕ್ಕೆ ಬರೋಣ. ಅದು 2014ರಲ್ಲಿ ಆರಂಭವಾದ 'ಸ್ಪೈಡರ್‌ವರ್ಸ್' ಎಂಬ ಸರಣಿ. ಬರೆದವರು ಡ್ಯಾನ್ ಸ್ಲಾಟ್. ಮುಖ್ಯ ಚಿತ್ರಕಾರರು ಒಲಿವಿಯೆ ಕ್ವಾಪೆಲ್ ಮತ್ತು ಜ್ಯುಸೆಪ್ಪೆ ಕಮುಂಕೋಲಿ. ಇಲ್ಲಿ ಜೇಡಮಾನವ ಒಬ್ಬನಲ್ಲ, ಹತ್ತಾರು ಮಂದಿ. ಬೇರೆ ಬೇರೆ ಜಗತ್ತಿನವರು, ಬೇರೆ ಬೇರೆ ಕಾಲದವರು. ನ್ಯೂಯಾರ್ಕಿನ ಪೀಟರ್ ಪಾರ್ಕರ್, ಕರಿಯ ಹುಡುಗ ಮೈಲ್ಸ್ ಮೊರಾಲೆಸ್, ಗ್ವೆನ್ ಸ್ಟೇಸಿ ಮತ್ತು ಸಿಂಡಿ ಮೂನ್ ಎಂಬ ಹುಡುಗಿಯರು, 1930ರ ದಶಕದ ಬಡತನದ ದಿನಗಳ ಕಪ್ಪು ಕೋಟಿನವನು, 2099ನೆಯ ಇಸವಿಯ ಮಿಗೆಲ್ ಒ'ಹಾರಾ. ಇವರ ನಡುವೆ ನಮ್ಮ ಪವಿತ್ರ್ ಕೂಡ ಇದ್ದಾನೆ. ಜೇಡಮಾನವರನ್ನೇ ಬೇಟೆಯಾಡಿ ಅವರ ಜೀವಶಕ್ತಿಯನ್ನು ಹೀರುವ ಒಂದು ಕುಟುಂಬ ಲೋಕಲೋಕಗಳಲ್ಲಿ ಅಲೆಯುತ್ತಿದೆ. ಒಂಟಿಯಾಗಿ ಎದುರಿಸಿದವರು ಸಾಯುತ್ತಾರೆ. ಹಾಗಾಗಿ ಎಲ್ಲರೂ ಒಂದಾಗಬೇಕಾಗುತ್ತದೆ.

ಇಷ್ಟು ಪಾತ್ರಗಳಿದ್ದರೆ ಗೊಂದಲವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ನನಗೂ ಯಾರು ಯಾರೆಂದು ತಿಳಿಯಲು ಎರಡು ಸಂಜೆ ಹಿಡಿಯಿತು. ಆದರೆ ಮಕ್ಕಳಿಗೆ ಆಗಲಿಲ್ಲ. ನಲವತ್ತು ಮಂದಿಯ ಮದುವೆ ಮನೆಯಲ್ಲಿ ಯಾರು ಯಾರ ಮಾಮೂ, ಯಾರು ಯಾರ ಫೂಫಿ ಎಂದು ನೆನಪಿಡುವ ಮಕ್ಕಳಿಗೆ ಇದೇನು ಕಷ್ಟ? ಈ ಗುಂಪಿನಲ್ಲಿ ಎಲ್ಲರೂ ಸಮಾನ ಬಲದವರಲ್ಲ. ಒಬ್ಬನಿಗೆ ತೋಳ್ಬಲ, ಇನ್ನೊಬ್ಬನಿಗೆ ಲೆಕ್ಕಾಚಾರ, ಮತ್ತೊಬ್ಬಳಿಗೆ ಅಪಾಯವನ್ನು ಮೊದಲೇ ಅರಿಯುವ ಚುರುಕು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಕೂಡು ಕುಟುಂಬದಲ್ಲಿ ಸಂಸಾರ ನಡೆಸಿದ ಹೆಂಗಸರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪಾತ್ರ ಆಟೊ ಆಕ್ಟೇವಿಯಸ್. ಅವನು ಪೀಟರನ ಹಳೆಯ ವೈರಿ. ಮೋಸದಿಂದ ಪೀಟರನ ದೇಹವನ್ನು ವಶಮಾಡಿಕೊಂಡು ತಾನೇ ಜೇಡಮಾನವನಾಗಿ ಮೆರೆಯುತ್ತಿರುತ್ತಾನೆ. ಅಂಥ ದಿನಗಳಲ್ಲಿ ಒಂದು ಅವಘಡದಿಂದ 2099ನೆಯ ಇಸವಿಗೆ ಎಸೆಯಲ್ಪಡುತ್ತಾನೆ. ಅಲ್ಲಿಂದ ಲೋಕಲೋಕ ಸುತ್ತಿ ಜೇಡಮಾನವರ ಪಡೆ ಕಟ್ಟುತ್ತಾನೆ. ಕೊನೆಗೆ ತನಗಿಂತ ಮುಂದಿನ ಕಾಲದಿಂದ ಬಂದ ಪೀಟರ್ ಪಾರ್ಕರನೇ ಅವನಿಗೆ ಎದುರಾಗುತ್ತಾನೆ. ಆಟೊಗೆ ಆಗ ತಿಳಿಯುತ್ತದೆ: ಪೀಟರ್ ಮರಳಿ ಬಂದಿದ್ದಾನೆ ಎಂದರೆ ತನ್ನ ಆಟ ಮುಗಿಯಲಿದೆ ಎಂದರ್ಥ. ತನ್ನ ಅಂತ್ಯವನ್ನು ತಪ್ಪಿಸಲು ಅವನು ತನ್ನವರ ಮೇಲೆಯೇ ತಿರುಗಿ ಬೀಳುತ್ತಾನೆ. ಆದರೆ ತಪ್ಪಿಸಲಾಗುವುದಿಲ್ಲ. ತನ್ನ ಕಾಲಕ್ಕೆ ಮರಳಬೇಕಾಗುತ್ತದೆ, ಕಂಡದ್ದನ್ನು ಮರೆಯಬೇಕಾಗುತ್ತದೆ.

ನಾಳೆ ಏನಾಗುವುದೆಂದು ತಿಳಿದುಬಿಟ್ಟರೆ ಬದುಕು ಸುಲಭವಾಗುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದಕ್ಕೇ ಕೈ ನೋಡುವವರ, ಫಾಲ್ ಹೇಳುವವರ ಮನೆ ಮುಂದೆ ನಮ್ಮ ಹೆಂಗಸರ ಚಪ್ಪಲಿಗಳಿರುತ್ತವೆ. ಗೈಬ್‌ನ ಅರಿವು ಅಲ್ಲಾಹನಿಗೆ ಮಾತ್ರ ಎಂಬುದು ನಮ್ಮ ನಂಬಿಕೆ. ಆ ಅರಿವು ಮನುಷ್ಯನ ಕೈಗೆ ಸಿಕ್ಕರೆ ಅವನು ಏನಾಗಬಹುದು ಎಂಬುದನ್ನು ಈ ಆಟೊ ಎಂಬ ಪಾತ್ರ ಮಕ್ಕಳಿಗೆ ತೋರಿಸಿಕೊಟ್ಟಿತು. ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

"ಇದರಲ್ಲಿ ನಮ್ಮ ಹುಡುಗಿಯರಿಲ್ಲವೇ?" ಎಂದು ನನ್ನ ನಾದಿನಿಯ ಮಗಳು ಕೇಳಿದಳು. ಈ ಪುಸ್ತಕದಲ್ಲಿಲ್ಲ. ಆದರೆ ಅದೇ ಮಾರ್ವೆಲ್ ಕಂಪನಿ 2014ರಲ್ಲಿ ಕಮಲಾ ಖಾನ್ ಎಂಬ ಮುಸ್ಲಿಂ ಹುಡುಗಿಯನ್ನು ನಾಯಕಿಯಾಗಿಸಿ 'ಮಿಸ್ ಮಾರ್ವೆಲ್' ಸರಣಿ ಆರಂಭಿಸಿತು. ಅವಳು ಅಮೆರಿಕದ ಜೆರ್ಸಿ ಸಿಟಿಯಲ್ಲಿ ಬೆಳೆದವಳು, ತಂದೆತಾಯಿ ಪಾಕಿಸ್ತಾನದ ಮೂಲದವರು. ಬರೆದವರು ಇಸ್ಲಾಮ್ ಸ್ವೀಕರಿಸಿದ ಲೇಖಕಿ ಜಿ. ವಿಲ್ಲೊ ವಿಲ್ಸನ್. ಆ ಸರಣಿಯ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. 2017ರ ಒಂದು ಸಂಚಿಕೆಯಲ್ಲಿ ಕಮಲಾ ಹಿಂದಿನ ಕಾಲಕ್ಕೆ ಹೋಗುತ್ತಾಳೆ. ತಾನು ಮೆಚ್ಚಿದ ನಾಯಕಿ ಕರೋಲ್ ಡ್ಯಾನ್ವರ್ಸ್‌ಳನ್ನು ಅವಳ ಯೌವನದ ದಿನಗಳಲ್ಲಿ ಕಾಣುತ್ತಾಳೆ. ಆಗ ಕರೋಲ್ ಏನು ಮಾಡುತ್ತಿರುತ್ತಾಳೆ ಗೊತ್ತೇ? ಮಹಿಳೆಯರ ಮಾಸಪತ್ರಿಕೆಯೊಂದರ ಸಂಪಾದಕಿ! ಇದನ್ನೋದುವಾಗ ನಿಮಗೂ ನನ್ನಂತೆ ನಗು ಬಂದೀತು.

ಚಿತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಮಿಕ್ಸ್ ಎಂಬುದು ನಮ್ಮ ಭಾಷೆಗೆ ಹೊಸತಲ್ಲ. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಫ್ಯಾಂಟಮ್, ಮಾಂಡ್ರೇಕ್ ಮನೆಮಾತಾಗಿದ್ದರು. ಅದರಲ್ಲೇ 1976ರಲ್ಲಿ ಬಂದ 'ಬಹಾದ್ದೂರ್' ಎಂಬ ಭಾರತೀಯ ವೀರನನ್ನು ಸೃಷ್ಟಿಸಿದವರು ಆಬಿದ್ ಸುರ್ತಿ, ಗುಜರಾತಿನ ಮುಸ್ಲಿಂ ಲೇಖಕ ಹಾಗೂ ಚಿತ್ರಕಾರ. ಇದೇ ಆಬಿದ್ ಸುರ್ತಿ ಇಳಿವಯಸ್ಸಿನಲ್ಲಿ ಮುಂಬಯಿ ಬಳಿಯ ಮೀರಾ ರೋಡಿನಲ್ಲಿ ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಪುಕ್ಕಟೆ ದುರಸ್ತಿ ಮಾಡಿಸಿ ನೀರು ಉಳಿಸಿದವರು. 2023ರಲ್ಲಿ ಪವಿತ್ರ್ ಪ್ರಭಾಕರ್ ಕಾಣಿಸಿಕೊಂಡ ಜೇಡಮಾನವರ ಚಲನಚಿತ್ರ ಕನ್ನಡ ಸೇರಿ ಭಾರತದ ಹಲವು ಭಾಷೆಗಳಲ್ಲಿ ಬಿಡುಗಡೆಯಾಯಿತು. ಪವಿತ್ರ್‌ನ ಊರನ್ನು ತೋರಿಸಲು ಅದನ್ನು ಮಾಡಿದವರು ಮಾದರಿಯಾಗಿ ಆರಿಸಿಕೊಂಡದ್ದು ಇದೇ ಇಂದ್ರಜಾಲ ಕಾಮಿಕ್ಸ್‌ನ ಬಣ್ಣ ಮತ್ತು ಗೆರೆಗಳನ್ನು. ನಮ್ಮ ಹಿರಿಯರು ರದ್ದಿಗೆ ಹಾಕಿದ್ದನ್ನು ಹೊರಗಿನವರು ಕಲೆಯೆಂದು ಎತ್ತಿಟ್ಟುಕೊಂಡರು!

ಕಾಮಿಕ್ಸ್ ಓದುವುದು ಸುಲಭ ಎಂಬುದೂ ಪೂರ್ತಿ ನಿಜವಲ್ಲ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನ ಚೌಕದಲ್ಲಿ ಬಿದ್ದ ಮನುಷ್ಯ. ನಡುವೆ ಇರುವುದು ಒಂದು ಬಿಳಿ ಪಟ್ಟಿ ಮಾತ್ರ. ಹೊಡೆದದ್ದನ್ನು ಚಿತ್ರಕಾರ ಬಿಡಿಸಿಲ್ಲ, ಮಗುವಿನ ಮನಸ್ಸು ಬಿಡಿಸಿಕೊಂಡಿದೆ. ಆ ಬಿಳಿ ಪಟ್ಟಿಯಲ್ಲಿ ಒಂದು ಕ್ಷಣವೂ ಇರಬಹುದು, ನೂರು ವರ್ಷವೂ ಇರಬಹುದು. ಎಷ್ಟು ಕಾಲ ಕಳೆಯಿತೆಂದು ಓದುವವರು ಅರಿಯಬೇಕು. ಓದು ಹಿಂದುಳಿದ ಮಕ್ಕಳನ್ನು ಇಂಥ ಪುಟಗಳ ಮುಂದೆ ಕೂರಿಸಿ, "ಇಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಏನಾಯಿತು?" ಎಂದು ಕೇಳಿ ನೋಡಿ. ಪಾಠದ ಪ್ರಶ್ನೆಗೆ ಬಾಯಿ ಬಿಡದವರು ಇಲ್ಲಿ ಮಾತನಾಡುತ್ತಾರೆ.

ಇನ್ನು ಖಾಲಾ ಅವರ ಆತಂಕ. ಜೀವಿಗಳ ಚಿತ್ರದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಮನೆಯವರು ಯಾರ ಮಾತನ್ನು ಅನುಸರಿಸುತ್ತೀರೋ ಅದನ್ನು ಅನುಸರಿಸಿ. ಆದರೆ ಮಕ್ಕಳ ಆಟದ ವಿಷಯದಲ್ಲಿ ಒಂದು ಹದೀಸ್ ನೆನಪಿಡಿ. ಹ. ಆಯಿಶಾ(ರ)ರವರ ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಒಂದು ಕುದುರೆಯನ್ನು ಪ್ರವಾದಿ(ಸ)ರವರು ಕಂಡರು. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದಾಗ ಅವರು, ಪ್ರವಾದಿ ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ)ರವರು ಮನಸಾರೆ ನಕ್ಕರು. ಮಗುವಿನ ಕಲ್ಪನೆಗೆ ರೆಕ್ಕೆ ಇದ್ದರೆ ಅದನ್ನು ಕೀಳಬೇಕಾಗಿಲ್ಲ ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ. ತಾಯಿತದ ಮಾಯೆ, ಯೋಗಿ ಕೊಟ್ಟ ಶಕ್ತಿ ಇಂಥವು ಪವಿತ್ರ್‌ನ ಕಥೆಯಲ್ಲೂ ಇವೆ. ಅಲ್ಲಿ ಪುಟ ಹರಿಯುವ ಬದಲು ಪಕ್ಕದಲ್ಲಿ ಕುಳಿತು, "ಇದು ಕಟ್ಟುಕಥೆ, ಶಕ್ತಿ ಕೊಡುವವನು ಯಾರು ಹೇಳು?" ಎಂದು ಕೇಳಿದರೆ ಸಾಕು.

ಕಾಲವನ್ನು ದಾಟಿದವರ ವೃತ್ತಾಂತ ನಮಗೆ ಹೊಸದೂ ಅಲ್ಲ. ಪ್ರತಿ ಜುಮಾ ದಿನ ನಾವು ಓದುವ ಸೂರಃ ಅಲ್‌ಕಹ್ಫ್‌ನಲ್ಲಿ ಗುಹಾವಾಸಿಗಳಾದ ಆ ಯುವಕರಿದ್ದಾರೆ, ಬಾಗಿಲಲ್ಲಿ ಮುಂಗಾಲು ಚಾಚಿದ ಅವರ ನಾಯಿಯಿದೆ. ಮುನ್ನೂರ ಒಂಬತ್ತು ವರ್ಷ ಮಲಗಿ ಎದ್ದವರು ಒಂದು ದಿನವೋ, ದಿನದ ಒಂದು ಭಾಗವೋ ಕಳೆಯಿತೆಂದು ಮಾತಾಡಿಕೊಂಡರು. ಹಳೆಯ ಬೆಳ್ಳಿ ನಾಣ್ಯ ಕೊಟ್ಟು ಒಬ್ಬನನ್ನು ಪೇಟೆಗೆ ಕಳಿಸಿದರು. ಅದು ಸತ್ಯ, ಇದು ಕಟ್ಟುಕಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿದೆ. ಆದರೆ ಅವರು ಒಂದು ವಿಷಯ ಗಮನಿಸಿದರು. ಗುಹಾವಾಸಿಗಳು ಮುಂದಿನ ಕಾಲಕ್ಕೆ ಬಂದರೇ ಹೊರತು ಹಿಂದಕ್ಕೆ ಹೋಗಿ ಯಾವುದನ್ನೂ ತಿದ್ದಲಿಲ್ಲ.

ಹಿಂದಕ್ಕೆ ಹೋಗಿ ತಿದ್ದುವ ಆಸೆ ಮಾತ್ರ ಎಲ್ಲರಿಗೂ ಇರುತ್ತದೆ. ಅದನ್ನು ನಾನು ಮೂಡಲಗಿಯ ನನ್ನ ಒಂಬತ್ತನೆಯ ತರಗತಿಯಲ್ಲಿ ಕಂಡೆ. ಒಂದು ಶನಿವಾರ ಮಕ್ಕಳಿಗೆ ಹೇಳಿದೆ: "ನಿಮಗೆ ಕಾಲಯಂತ್ರ ಸಿಕ್ಕಿದೆ. ಯಾವ ವರ್ಷಕ್ಕೆ ಹೋಗುವಿರಿ? ಹೋಗಿ ಏನು ಮಾಡುವಿರಿ? ನಾಲ್ಕು ಚೌಕಗಳಲ್ಲಿ ಬಿಡಿಸಿ."

ಎಂಥೆಂಥ ಚಿತ್ರಗಳು ಬಂದವು! ಒಬ್ಬ ಆದಿಲ್‌ಶಾಹಿ ಕಾಲಕ್ಕೆ ಹೋಗಿ ಹುಕ್ಕೇರಿಯ ಗುಮ್ಮಟಗಳನ್ನು ಕಟ್ಟುವವರಿಗೆ ಕಲ್ಲು ಹೊತ್ತು ಕೊಟ್ಟಿದ್ದ. ಇನ್ನೊಬ್ಬ ಹಿಡಕಲ್ ಜಲಾಶಯದಲ್ಲಿ ಮುಳುಗುವ ಮೊದಲು ತನ್ನ ಅಜ್ಜನ ಊರು ಹೇಗಿತ್ತೆಂದು ನೋಡಿ ಬಂದಿದ್ದ. ಗೋಕಾಕದ ಸಂಬಂಧಿಕರಿರುವ ಮೂವರು 2019ರ ಆಗಸ್ಟ್ ತಿಂಗಳಿಗೇ ಹೋಗಿದ್ದರು. ಘಟಪ್ರಭೆ ಉಕ್ಕಿ ಊರೊಳಗೆ ನೀರು ನುಗ್ಗಿದ ಆ ದಿನಗಳನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ಒಬ್ಬ ಆಡುಗಳನ್ನು ಮಾಳಿಗೆಗೆ ಹತ್ತಿಸಿದ್ದ. ಒಬ್ಬಳು ತನ್ನ ದಾದಿಯ ಹೊಲಿಗೆ ಯಂತ್ರವನ್ನು ಹೊತ್ತುಕೊಂಡು ಹೋಗುತ್ತಿದ್ದಳು.

ಹಿಂದಿನ ಬೆಂಚಿನ ಒಬ್ಬ ಹುಡುಗಿಯ ಹಾಳೆಯಲ್ಲಿ ಯಂತ್ರವೇ ಇರಲಿಲ್ಲ. ಮೊದಲ ಚೌಕದಲ್ಲಿ ಎರಡು ಜಡೆಯ ಹುಡುಗಿ ಪಾಟಿಚೀಲ ಹಿಡಿದು ನಿಂತಿದ್ದಳು. ಎರಡನೆಯದರಲ್ಲಿ ಗಡ್ಡದ ಹಿರಿಯರೊಬ್ಬರು ಆ ಚೀಲವನ್ನು ಗೂಟಕ್ಕೆ ನೇತುಹಾಕುತ್ತಿದ್ದರು. ಮೂರನೆಯದರಲ್ಲಿ ನಮ್ಮ ಶಾಲೆಯ ಸಮವಸ್ತ್ರದ ಹುಡುಗಿ ಅವರ ಕೈ ಹಿಡಿದಿದ್ದಳು. ನಾಲ್ಕನೆಯದು ಖಾಲಿ.

"ಇವರು ಯಾರು?" ಎಂದೆ.

"ನಮ್ಮ ಅಮ್ಮಿ. ಏಳನೆಯ ತರಗತಿಯಲ್ಲಿದ್ದಾಗ ನಾನಾ ಶಾಲೆ ಬಿಡಿಸಿದರು. ನಾನು ಹೋಗಿ ಬಿಡಿಸಬೇಡಿ ಅನ್ನುತ್ತೇನೆ."

ತರಗತಿಯ ಚುರುಕು ಹುಡುಗನೊಬ್ಬ ಎದ್ದು ನಿಂತ. "ಟೀಚರ್, ಅವರ ಅಮ್ಮಿ ಓದಿ ನೌಕರಿಗೆ ಹೋಗಿದ್ದರೆ ಬೇರೆಲ್ಲೋ ಮದುವೆ ಆಗುತ್ತಿತ್ತು. ಆಗ ಇವಳು ಹುಟ್ಟುತ್ತಲೇ ಇರಲಿಲ್ಲ!" ಎಲ್ಲರೂ ನಕ್ಕರು. ಕಾಲಯಾನದ ಕಥೆ ಬರೆಯುವ ದೊಡ್ಡ ದೊಡ್ಡ ಲೇಖಕರು ತಲೆ ಕೆಡಿಸಿಕೊಂಡ ಪ್ರಶ್ನೆ ಅದು. ಹುಡುಗಿ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಆದರೂ ಅಡ್ಡಿಯಿಲ್ಲ" ಎಂದಳು. ನಗು ನಿಂತುಹೋಯಿತು.

ಆ ಹುಡುಗಿಗೆ ಹತ್ತನೆಯ ತರಗತಿ ಮುಗಿದ ಕೂಡಲೇ ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆಯುತ್ತಿತ್ತು. ಹುಕ್ಕೇರಿ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಮುಂದಿನ ವಾರ ನಾನು ಆ ಹಾಳೆಯನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ತಂದೆ ಹಣ್ಣಿನ ಗಾಡಿಯವರು, ಮಧ್ಯಾಹ್ನದ ಊಟಕ್ಕೆ ಬಂದಿದ್ದರು. ನಾನು ಉಪದೇಶ ಮಾಡಲಿಲ್ಲ. ಹಾಳೆಯನ್ನು ಆ ತಾಯಿಯ ಕೈಗೆ ಕೊಟ್ಟೆ. ತರಗತಿಯಲ್ಲಿ ನಡೆದ ಮಾತನ್ನು ನಡೆದ ಹಾಗೆಯೇ ಹೇಳಿದೆ.

ಆಕೆ ಒದ್ದೆ ಕೈಯನ್ನು ಓಢಣಿಗೆ ಒರೆಸಿಕೊಂಡು ಆ ನಾಲ್ಕು ಚೌಕಗಳನ್ನು ಬಹಳ ಹೊತ್ತು ನೋಡಿದರು. "ಇವರು ಅಬ್ಬಾ. ಗಡ್ಡ ಥೇಟ್ ಹೀಗೇ ಇತ್ತು" ಎಂದರು. ಆಮೇಲೆ, "ಇವಳು ಹುಟ್ಟದೆ ಇರುವುದು ಬೇಡ ಆಪಾ. ಇವಳು ಹುಟ್ಟಲಿ, ಓದಲಿ. ನನ್ನದು ಹೋಯಿತಲ್ಲ, ಅಷ್ಟು ಸಾಕು" ಎಂದರು. ತಂದೆ ಏನೂ ಮಾತಾಡಲಿಲ್ಲ. ನಾನು ಹೊರಟು ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿದರು: "ಗೋಕಾಕದ ಕಾಲೇಜಿಗೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು ಇದೆ, ಆಪಾ?"

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಸಂಬಂಧದ ಮಾತು ಪೂರ್ತಿ ನಿಂತಿಲ್ಲ. ಆದರೆ ತಾಯಿ ಈಗ ಸುಮ್ಮನಿರುವುದಿಲ್ಲವಂತೆ. ಉರ್ದು ಮಾತ್ರ ಬಲ್ಲ ಆಕೆ ಮಗಳಿಂದ ಕನ್ನಡ ಅಕ್ಷರ ಕಲಿಯುತ್ತಿದ್ದಾರೆ. ಪಾಠದ ಪುಸ್ತಕ ಯಾವುದು ಗೊತ್ತೇ? ಮಗಳೇ ಬಿಡಿಸುವ ಕಾಮಿಕ್ಸ್. ಚಿತ್ರದ ಪಕ್ಕದ ಮಾತಿನ ಗುಳ್ಳೆಗಳಲ್ಲಿ ಎರಡೆರಡು ಪದ.

ಸಹೋದರಿಯರೇ, ಎಲ್ಲ ಕಾಮಿಕ್ಸ್ ಒಳ್ಳೆಯವು ಎಂದು ನಾನು ಹೇಳುತ್ತಿಲ್ಲ. ರಕ್ತ, ಹೊಡೆದಾಟವೇ ತುಂಬಿದವೂ ಇವೆ, ಹೆಣ್ಣನ್ನು ಅರೆಬೆತ್ತಲೆ ತೋರಿಸುವವೂ ಇವೆ. ಅದಕ್ಕೇ ಹೇಳುವುದು, ಮಗುವಿಗೆ ಕೊಡುವ ಮೊದಲು ನೀವು ಪುಟ ತಿರುವಿ ನೋಡಿ. ಕೊಟ್ಟ ಮೇಲೆ ಪಕ್ಕದಲ್ಲಿ ಕುಳಿತು ಓದಿ. ಓದಿದ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, "ನೀನು ಯಾವ ವರ್ಷಕ್ಕೆ ಹೋಗುವೆ?" ಎಂದು ಕೇಳಿ. ಮಕ್ಕಳು ನಮ್ಮ ಬದುಕಿನ ಯಾವ ಪುಟವನ್ನು ತಿದ್ದಲು ಹೊರಟಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ನಮ್ಮಲ್ಲಿ ಯಾರಿಗೂ ಹಿಂದಕ್ಕೆ ಹೋಗುವ ದಾರಿಯಿಲ್ಲ. ಗೂಟಕ್ಕೆ ನೇತುಹಾಕಿದ ನಮ್ಮ ನಮ್ಮ ಪಾಟಿಚೀಲಗಳು ಅಲ್ಲೇ ಉಳಿದವು. ಆದರೆ ಆ ಹುಡುಗಿ ನಾಲ್ಕನೆಯ ಚೌಕವನ್ನು ಖಾಲಿ ಬಿಟ್ಟಿದ್ದಳಲ್ಲ, ಅಂಥದೊಂದು ಚೌಕ ಪ್ರತಿ ಮನೆಯಲ್ಲೂ ಇದೆ. ಅದರಲ್ಲಿ ಏನು ಬಿಡಿಸಬೇಕೆಂದು ತೀರ್ಮಾನಿಸುವ ಹೊತ್ತು ಇಂದಿನದು, ನಮ್ಮ ಕೈಯಲ್ಲಿರುವುದು.